ಮಾತಾಡದೆ ಮಾಡುವ ಅಳತೆ

ಚಿಮಟದಕ್ಕನೂ ಗಡ್ಡದವರೂ ವಾದ ಮಾಡಿಕೊಂಡು ಕಾರಿಡಾರಿನಲ್ಲಿ ಹೊರಟರೆಂದರೆ ಆ ಪ್ರಯೋಗಾಲಯದಲ್ಲಿ ಊಟದ ಹೊತ್ತಾಯಿತು ಎಂದೇ ಅರ್ಥ. ಗಡಿಯಾರದ ಕಡೆ ಯಾರೂ ನೋಡುತ್ತಿರಲಿಲ್ಲ. ವಾದ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜಿಗೂ ಬಂದು, ಊಟ ಮುಗಿದು, ಟೀ ಆರಿ, ಮೇಜು ಒರೆಸುವವನು ಬಟ್ಟೆ ಹಿಡಿದು "ಇಬ್ರೂ ಸ್ವಲ್ಪ ಮೊಣಕೈ ಎತ್ತಿ" ಎನ್ನುವ ತನಕ ನಡೆಯುತ್ತಿತ್ತು. ಇದು ಇಂದು ನಿನ್ನೆಯದಲ್ಲ, ಇಬ್ಬರ ತಲೆಯೂ ಕಪ್ಪಗಿದ್ದ ಕಾಲದಿಂದ ಹೀಗೆಯೇ. ಇವರು ಅಂಥದ್ದೇನು ಮಾತಾಡುತ್ತಾರೆ ಎಂಬ ಕುತೂಹಲಕ್ಕೆ ಹೊಸಬರು ಪಕ್ಕದ ಮೇಜಿನಲ್ಲಿ ಕಿವಿಗೊಟ್ಟು ಕೂತು, ಕೊನೆಗೆ ಆಕಳಿಸುತ್ತ ಎದ್ದುಹೋಗುತ್ತಿದ್ದರು. ಆ ಮಾತಿನಲ್ಲಿ ಮನೆಯಿಲ್ಲ, ಮದುವೆಯಿಲ್ಲ, ಚಾಡಿಯಂತೂ ಇಲ್ಲವೇ ಇಲ್ಲ. ಇದ್ದದ್ದೆಲ್ಲ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸು.

ಆಕೆಗೆ ಆ ಅಡ್ಡಹೆಸರು ಬಂದದ್ದು ಕೈಯಲ್ಲಿ ಸದಾ ಚಿಮಟ ಹಿಡಿದಿರುತ್ತಿದ್ದರಿಂದ. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವ ಲೋಹದ ಹಾಳೆಯನ್ನು ಚಿಮಟದಲ್ಲಿ ಎತ್ತಿ, ಬಳೆಯಂಥ ಚೌಕಟ್ಟಿನ ಮೇಲೆ ಒಂದು ಸುಕ್ಕೂ ಉಳಿಯದಂತೆ ಎಳೆದು ಕೂರಿಸುವ ಕೆಲಸದಲ್ಲಿ ಆಕೆಯದು ಎತ್ತಿದ ಕೈ. ಹೀಗೆ ಎಳೆದ ಎರಡು ಹಾಳೆಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ನಡುವಿನ ಅಂತರ ಶುರುವಾಗುವುದು ಕೂದಲೆಳೆಗಿಂತ ಕಡಿಮೆಯಿಂದ. ವೇಗವರ್ಧಕ ಯಂತ್ರದ ಕಿರಣ ಮೊದಲ ಹಾಳೆಗೆ ಬಡಿದಾಗ ಅಲ್ಲೊಂದು ನ್ಯೂಕ್ಲಿಯಸ್ಸು ಹುಟ್ಟಿ, ಮೈತುಂಬ ಹೆಚ್ಚುವರಿ ಶಕ್ತಿ ಹೊತ್ತುಕೊಂಡು ಹಾರಿ, ಎರಡನೆಯ ಹಾಳೆಗೆ ಬಡಿದು ನಿಲ್ಲುತ್ತದೆ. ಹೊತ್ತದ್ದನ್ನು ಅದು ಗಾಮಾ ಕಿರಣವಾಗಿ ಇಳಿಸಲೇಬೇಕು. ಹಾರುವಾಗ ಇಳಿಸಿತೋ ನಿಂತ ಮೇಲೆ ಇಳಿಸಿತೋ ಎಂಬುದು ಆ ಕಿರಣದ ಶಕ್ತಿಯಲ್ಲಿನ ಪುಟ್ಟ ವ್ಯತ್ಯಾಸದಿಂದ ಗೊತ್ತಾಗುತ್ತದೆ. ಹಾಳೆಗಳನ್ನು ಚೂರು ಚೂರೇ ದೂರ ಸರಿಸುತ್ತ ಎಣಿಸುತ್ತ ಹೋದರೆ, ಅದು ಎಷ್ಟು ಹೊತ್ತು ತಡೆದುಕೊಂಡಿತು ಎಂಬ ಲೆಕ್ಕ ಸಿಗುತ್ತದೆ. ಬೇಗ ಇಳಿಸಿದರೆ ಆ ಇಳಿತ ಬಲವಾದದ್ದು, ತಡ ಮಾಡಿದರೆ ದುರ್ಬಲ. ಆ ಬಲಕ್ಕೊಂದು ಸಂಖ್ಯೆ ಕೊಡುತ್ತಾರೆ. ಸಂಖ್ಯೆ ದೊಡ್ಡದಾದರೆ ನ್ಯೂಕ್ಲಿಯಸ್ಸು ಉದ್ದಕ್ಕೆ ಹಿಗ್ಗಿದೆ, ಚಿಕ್ಕದಾದರೆ ಹೆಚ್ಚುಕಡಿಮೆ ಉರುಟಾಗಿದೆ. ಇಷ್ಟೇ ವಿಷಯ. ಇಷ್ಟನ್ನು ತಿಳಿಯಲು ಇಬ್ಬರು ಬುದ್ಧಿವಂತರು ತಮ್ಮ ಆಯುಸ್ಸು ಸವೆಸಿದ್ದರು, ಅದರ ಬಗ್ಗೆ ಅವರಿಗೆ ಎಳ್ಳಷ್ಟೂ ಬೇಸರವಿರಲಿಲ್ಲ.

ಈ ಸಲ ಅಳೆದ ನ್ಯೂಕ್ಲಿಯಸ್ಸು ಮಾತ್ರ ತಂಟೆಕೋರ. ಹಿಂದೆ ಬೇರೆ ಬೇರೆ ಕಡೆ ಅದನ್ನು ಅಳೆದ ಎರಡು ಗುಂಪಿನವರು ಎರಡು ಉತ್ತರ ಕೊಟ್ಟು, ಸಮ್ಮೇಳನಗಳಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕೂಗಾಡಿದ್ದರು. ಆದ್ದರಿಂದ ಇಲ್ಲಿನ ಗುಂಪಿನ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎಂದು ಕರೆಯುವ ಮನುಷ್ಯ, ಅಳತೆ ಮುಗಿದು ಯಂತ್ರ ನಿಂತ ಮರುದಿನವೇ ಇಬ್ಬರನ್ನೂ ಕರೆದು ಕಟ್ಟಪ್ಪಣೆ ಮಾಡಿದರು.

"ನೋಡಿ, ನೀವಿಬ್ರೂ ಸೇರಿ ಲೆಕ್ಕ ಮಾಡಿದ್ರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತೆ. ಬೇರೆ ಬೇರೆ ಕೂತ್ಕೊಳ್ಳಿ. ಇದರ ಬಗ್ಗೆ ಒಂದಕ್ಷರ ಮಾತಾಡೋ ಹಾಗಿಲ್ಲ. ಊಟದಲ್ಲೂ ಇಲ್ಲ, ದಾರಿಯಲ್ಲೂ ಇಲ್ಲ. ಇಬ್ಬರದ್ದೂ ಮುಗಿದ ದಿನ ಎಲ್ಲರ ಮುಂದೆ ಬೋರ್ಡ್ ಮೇಲೆ ಬರೀರಿ. ಕೂಡಿದ್ರೆ ಸರಿ. ಕೂಡದಿದ್ರೆ ಮತ್ತೆ ಮೊದಲಿಂದ, ಇದೇ ನಿಯಮ."

"ಆಯ್ತು, ಬಾಯಿಗೆ ಬೀಗ," ಎಂದು ಗಡ್ಡದವರು ನಕ್ಕರು. ಚಿಮಟದಕ್ಕನೂ ನಕ್ಕಳು. ನಿಯಮ ಒಳ್ಳೆಯದೇ ಎಂದು ಆಕೆಗೆ ಆಗ ಮನಸಾರೆ ಅನ್ನಿಸಿತ್ತು.

ಎಷ್ಟು ದೊಡ್ಡ ಬೀಗ ಎಂಬುದು ಮೊದಲ ಊಟದಲ್ಲೇ ತಿಳಿಯಿತು. ತಟ್ಟೆ ಇಟ್ಟುಕೊಂಡು ಎದುರುಬದುರು ಕೂತರು. ಆಕೆ ಬಾಯಿ ತೆರೆದಳು, ಮುಚ್ಚಿದಳು. ಅವರೂ ಹಾಗೆಯೇ ಮಾಡಿದರು. ಈ ಕೆಲಸ ಬಿಟ್ಟರೆ ಮಾತಾಡಲು ಅವರಿಬ್ಬರ ನಡುವೆ ಏನೇನೂ ಇಲ್ಲ ಎಂಬುದು ಇಷ್ಟು ವರ್ಷ ಆಕೆಗೆ ಹೊಳೆದೇ ಇರಲಿಲ್ಲ. ಅವರ ತಾಯಿ ಯಾವಾಗ ತೀರಿಕೊಂಡರೆಂದು ಆಕೆಗೆ ಗೊತ್ತಿಲ್ಲ. ತಾನು ಯಾಕೆ ಮದುವೆಯಾಗಲಿಲ್ಲವೆಂದು ಅವರು ಕೇಳಿದವರಲ್ಲ. ಅವರೂ ಒಂಟಿ, ಮನೆಯಲ್ಲೊಂದು ಬೆಕ್ಕಿದೆ, ವರ್ಷದ ಕೊನೆಗೆ ನಿವೃತ್ತರಾಗಿ ದೂರದಲ್ಲಿರುವ ಅಣ್ಣನ ಊರಿಗೆ ಹೋಗುತ್ತಾರೆ. ಅವರ ಬಗ್ಗೆ ಆಕೆಗೆ ತಿಳಿದಿದ್ದದ್ದು ಇಷ್ಟೇ.

"ಇವತ್ತು ಬಿಸಿಲು ಜಾಸ್ತಿ," ಎಂದಳು.

"ಹ್ಞೂಂ," ಎಂದರು ಗಡ್ಡದವರು.

ಬಿಸಿಲಿನ ವಿಷಯ ಅಲ್ಲಿಗೆ ಮುಗಿಯಿತು. ಅವರು ಕಿಟಕಿಯಾಚೆ ನಿಲ್ಲಿಸಿದ ಸೈಕಲ್ಲುಗಳನ್ನು ನೋಡುತ್ತ ನಿಧಾನಕ್ಕೆ ಉಂಡರು. ಆಕೆ ತಟ್ಟೆ ನೋಡುತ್ತ ಗಬಗಬನೆ ಉಂಡಳು. ವಾರ ಕಳೆದ ಮೇಲೆ ಮೇಜು ಒರೆಸುವವನಿಗೇ ತಡೆಯಲಾಗಲಿಲ್ಲ.

"ಏನಕ್ಕಾ, ಇಬ್ರೂ ಜಗಳ ಆಡ್ಕೊಂಡ್ರಾ?"

"ಇಲ್ಲಪ್ಪ, ಜಗಳ ಆಡೋಕೆ ಪರ್ಮಿಷನ್ ಇಲ್ಲ," ಎಂದಳು. ಅವನು ಹಲ್ಲು ಬಿಟ್ಟ. ಗಡ್ಡದವರು ಮೀಸೆಯಡಿಯಲ್ಲಿ ನಕ್ಕಂತೆ ಕಂಡಿತು, ಆದರೂ ತಿರುಗಿ ಸೈಕಲ್ಲುಗಳನ್ನೇ ನೋಡಿದರು.

ಒಂಟಿತನ ಆಕೆಗೆ ಹೊಸದೇನಲ್ಲ. ಎರಡು ಕೋಣೆಯ ಮನೆ, ಸದ್ದಿಗಾಗಿ ಹಚ್ಚಿಡುವ ಟೀವಿ, ಭಾನುವಾರ ತಂಗಿಯ ಫೋನು, ಇವುಗಳ ಜೊತೆ ಆಕೆ ಎಂದೋ ರಾಜಿಯಾಗಿದ್ದಳು. ಸಂಜೆ ಒಬ್ಬಳೇ ಲೆಕ್ಕ ಮಾಡುವಾಗ ಏನಾದರೂ ಹೊಳೆದರೆ ನಾಳೆ ಊಟಕ್ಕೆ ಹೇಳಬೇಕು ಎಂದುಕೊಂಡು ಹಾಯಾಗಿ ಮಲಗುವ ಅಭ್ಯಾಸ. ಈಗ ಹೊಳೆದದ್ದೆಲ್ಲ ಒಳಗೇ ಉಳಿಯತೊಡಗಿತು. ಒಂಟಿ ಮನೆಯಲ್ಲಿ ಒಂಟಿಯಾಗಿರುವುದು ಒಂದು ಲೆಕ್ಕ. ಎದುರಿಗೆ ಬೇಕಾದವರು ಕೂತಿದ್ದೂ ಒಂಟಿಯಾಗಿರುವುದು ಬೇರೆಯೇ ಲೆಕ್ಕ. ಬರಬರುತ್ತ ಊಟದ ಹೊತ್ತು ಹತ್ತಿರವಾದರೆ ಆಕೆ ಏನಾದರೊಂದು ಕೆಲಸ ಹುಡುಕಿಕೊಂಡು ತಡ ಮಾಡತೊಡಗಿದಳು.

"ಅಕ್ಕಾ, ನಮ್ಮ ಗಡ್ಡದ ಭಾವ ಹೇಗಿದ್ದಾರೆ?" ಎಂದು ತಂಗಿ ಫೋನಿನಲ್ಲಿ ಯಥಾಪ್ರಕಾರ ಕಾಲೆಳೆದಳು.

"ಸುಮ್ನಿರೇ, ಭಾವನಂತೆ ಭಾವ. ಅವರಿಗೆ ನನ್ನ ಜೊತೆ ಕೂರೋಕೂ ಬೇಜಾರು ಈಗ. ಕಿಟಕಿ ನೋಡ್ಕೊಂಡು ಊಟ ಮಾಡ್ತಾರೆ."

"ನೀನೇ ಏನಾದ್ರೂ ಕೇಳ್ಬಾರ್ದಾ? ಬೆಕ್ಕಿನ ಹೆಸರೇನು ಅಂತ ಕೇಳು."

"ಇಪ್ಪತ್ತು ವರ್ಷ ಕೇಳ್ದೇ ಇದ್ದೋಳು ಈಗ ಬೆಕ್ಕಿನ ಹೆಸರು ಕೇಳಿದ್ರೆ ಏನಂದ್ಕೋತಾರೆ?"

ತಂಗಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಚಿಮಟದಕ್ಕ ಫೋನಿಟ್ಟು ಟೀವಿಯ ಸದ್ದು ಹೆಚ್ಚಿಸಿದಳು.

ಆಕೆಯ ಲೆಕ್ಕ ಮಾತ್ರ ಚೆನ್ನಾಗಿ ಸಾಗಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದು ಅಂತರದ ಎಣಿಕೆಯನ್ನೂ ನೋಡಿದಳು. ಉತ್ತರ ಬಂದದ್ದು ಇಪ್ಪತ್ತಾರು, ಆಚೀಚೆ ಎರಡು. ಮೂರು ದಾರಿಗಳಿಂದ ಮಾಡಿ ನೋಡಿದರೂ ಅದು ಅಲ್ಲಾಡಲಿಲ್ಲ. ಎಷ್ಟೋ ವರ್ಷಗಳಲ್ಲಿ ಇಷ್ಟು ಗಟ್ಟಿಯಾದ ಸಂಖ್ಯೆ ಆಕೆಯ ಕೈಗೆ ಸಿಕ್ಕಿರಲಿಲ್ಲ. ಹೇಳಿಕೊಳ್ಳಲು ಯಾರೂ ಇರಲಿಲ್ಲವಾದ್ದರಿಂದ ಒಂದು ಟೀ ಹೆಚ್ಚು ಕುಡಿದು ಸಂಭ್ರಮಿಸಿದಳು. ಬೋರ್ಡಿನ ಮೇಲೆ ಅವರದೂ ಇಪ್ಪತ್ತಾರರ ಆಸುಪಾಸು ಬಂದುಬಿಟ್ಟರೆ ಮುಗಿಯಿತು, ಅದೇ ದಿನ ಊಟಕ್ಕೆ ಮಾತು ಶುರು. ಅವರು ಹೊರಡುವ ಮುನ್ನ ಇನ್ನೂ ಕೆಲವು ತಿಂಗಳು ಬಾಯಿತುಂಬ ಮಾತು. ಬರದಿದ್ದರೆ ಮತ್ತೆ ಮೊದಲಿಂದ, ಅವರು ರೈಲು ಹತ್ತುವವರೆಗೂ ಸೈಕಲ್ಲು ಮತ್ತು ಬಿಸಿಲು.

ಹೀಗಿರುವಾಗ ಮೇಲಿನ ಮಹಡಿಯ ಥಿಯರಿಯವನು ಮೆಟ್ಟಿಲ ಬಳಿ ಸಿಕ್ಕ. ಕೈಕೆಸರು ಮಾಡಿಕೊಳ್ಳದೆ ಸಮೀಕರಣಗಳಿಂದಲೇ ನ್ಯೂಕ್ಲಿಯಸ್ಸಿನ ಆಕಾರ ಹೇಳುವವನು, ಮಾತಿಗೆ ನಿಂತರೆ ಬಿಡುವ ಪೈಕಿಯಲ್ಲ. ಅವನ ಮುಖದಲ್ಲಿ ಎಲ್ಲಿಲ್ಲದ ಕಳೆ.

"ಮೇಡಂ, ನಿಮ್ಮ ಗಡ್ಡದವರು ಮೊನ್ನೆ ನಮ್ಮ ರೂಮಿಗೆ ಬಂದಿದ್ರು. ಬಲ ನಲವತ್ತು ಬಂದ್ರೆ ಆಕಾರ ಹೇಗಿರುತ್ತೆ ಅಂತ ಕೇಳಿದ್ರು! ನನ್ನ ಮಾಡೆಲ್ ಹೇಳೋದೂ ನಲವತ್ತೇ ಅಲ್ವಾ? ನಾನೇನೂ ಹೇಳಿಲ್ಲಪ್ಪ, ನೀವೂ ಕೇಳಿಲ್ಲ," ಎಂದು ನಾಲಿಗೆ ಕಚ್ಚಿಕೊಂಡು, ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ.

ಚಿಮಟದಕ್ಕ ಮೆಟ್ಟಿಲ ಬಳಿಯೇ ನಿಂತುಬಿಟ್ಟಳು. ನಲವತ್ತು. ಇಪ್ಪತ್ತಾರಕ್ಕೂ ನಲವತ್ತಕ್ಕೂ ಎಲ್ಲಿಂದೆಲ್ಲಿಯ ನಂಟು?

ಆ ವಾರ ಆಕೆ ಮಾಡಿದ ಕೆಲಸವನ್ನು ಹೊರಗಿನವರು ನೋಡಿದ್ದರೆ ಶ್ರದ್ಧೆ ಎಂದೇ ಹೊಗಳುತ್ತಿದ್ದರು. ಈ ಅಳತೆಯಲ್ಲಿ ಒಂದು ಹಳೆಯ ಗುಂಡಿ ಇದೆ. ಸಂಜೆ ಬಸ್ಸಿನಲ್ಲಿ ಮನೆಗೆ ಬರುವವನು ತಡವಾಗಿ ಬಂದ ಎಂದ ಮಾತ್ರಕ್ಕೆ ಅವನು ದಾರಿಯಲ್ಲಿ ಕಾಲೆಳೆದ ಎನ್ನುವ ಹಾಗಿಲ್ಲ, ಹಿಂದಿನ ಊರಿನಲ್ಲಿ ಬಸ್ಸೇ ತಡವಾಗಿ ಬಿಟ್ಟಿರಬಹುದು. ನ್ಯೂಕ್ಲಿಯಸ್ಸೂ ಹಾಗೆಯೇ, ಹೊತ್ತ ಶಕ್ತಿಯನ್ನು ಮೆಟ್ಟಿಲಿಳಿದಂತೆ ಒಂದೊಂದೇ ಮಟ್ಟಕ್ಕೆ ಇಳಿಸುತ್ತ ಬರುತ್ತದೆ. ಮೇಲಿನ ಮಟ್ಟವೊಂದು ಇಳಿಯಲು ತಡಮಾಡಿದ್ದಕ್ಕೆ ಕೆಳಗಿನ ಮಟ್ಟದ ಮೇಲೆ ಅಪವಾದ ಬರಬಹುದು. ಅಂಥ ನಿಧಾನದ ಮಟ್ಟವೇನೂ ಇಲ್ಲ ಎಂದು ಆಕೆ ಮೊದಲೇ ಹುಡುಕಿ ಖಾತ್ರಿ ಮಾಡಿಕೊಂಡಿದ್ದಳು. ಈಗ ಮತ್ತೆ ಹುಡುಕಿದಳು. ಹುಡುಕಿದರೆ ಏನು ತಾನೆ ಸಿಗುವುದಿಲ್ಲ? ಎಣಿಕೆಯ ಕಸದ ನಡುವೆ ಒಂದು ಸಣ್ಣ ಉಬ್ಬು ಸಿಕ್ಕಿತು. ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇದೆ ಎಂದುಕೊಂಡಳು. ತಡವನ್ನೆಲ್ಲ ಅದರ ತಲೆಗೆ ಕಟ್ಟಿ ಕಳೆದಾಗ ಕಾಲ ಕುಗ್ಗಿತು, ಬಲ ಏರಿತು. ಮೂವತ್ತೆಂಟು, ಆಚೀಚೆ ನಾಲ್ಕು.

ಸುಳ್ಳು ಬರೆದೆ ಎಂದು ಆಕೆಗೆ ಅನ್ನಿಸಲಿಲ್ಲ. ಅದೇ ಇದರ ಮೋಸ. ಪ್ರತಿ ಹೆಜ್ಜೆಗೂ ಒಂದೊಂದು ಕಾರಣವಿತ್ತು, ಒಂದೊಂದು ಕಾರಣವೂ ಸೂಟು ಬೂಟು ಹಾಕಿಕೊಂಡು ನಿಂತಿತ್ತು. ರಾತ್ರಿ ದೀಪ ಆರಿಸಿದ ಮೇಲೆ ಮಾತ್ರ ಇಪ್ಪತ್ತಾರು ಎಂಬ ಸಂಖ್ಯೆ ನಿದ್ದೆಗೆ ಅಡ್ಡ ಬರುತ್ತಿತ್ತು.

ಬೋರ್ಡಿನ ದಿನ ಬಂತು. ಸೆಮಿನಾರ್ ಕೋಣೆಯಲ್ಲಿ ಎದುರಿನ ಗೋಡೆಗೊಂದು, ಹಿಂದಿನ ಗೋಡೆಗೊಂದು ಬೋರ್ಡು. ದೊಡ್ಡವರು ಇಬ್ಬರ ಕೈಗೂ ಸೀಮೆಸುಣ್ಣ ಕೊಟ್ಟರು. ಗುಂಪಿನವರೆಲ್ಲ ನಡುವೆ ಕುರ್ಚಿ ಹಾಕಿಕೊಂಡು, ಯಾವ ಕಡೆ ಕತ್ತು ತಿರುಗಿಸುವುದೆಂದು ತಿಳಿಯದೆ ಕೂತಿದ್ದರು. ಥಿಯರಿಯವನು ಮೊದಲ ಸಾಲಿನಲ್ಲೇ ಇದ್ದ. ಚಿಮಟದಕ್ಕ ಮೂವತ್ತೆಂಟು ಎಂದು ಬರೆದು, ಕೈ ಒರೆಸಿಕೊಂಡು ತಿರುಗಿದಳು.

ಎದುರು ಗೋಡೆಯ ಮೇಲೆ ಗಡ್ಡದವರ ದುಂಡು ಅಕ್ಷರದಲ್ಲಿ ಇಪ್ಪತ್ತೈದು ಎಂದಿತ್ತು.

ಕುರ್ಚಿಗಳು ಕಿರುಗುಟ್ಟಿದವು. ಎಲ್ಲರ ಕತ್ತೂ ಆ ಕಡೆ ಈ ಕಡೆ ಹೊರಳಾಡಿತು. ಥಿಯರಿಯವನು ತಲೆಗೆ ಕೈ ಹೊತ್ತುಕೊಂಡ.

"ಇಪ್ಪತ್ತೈದಾ! ಅವತ್ತು ನೀವು ಇಪ್ಪತ್ತೈದಾದ್ರೆ ಹೇಗೆ, ನಲವತ್ತಾದ್ರೆ ಹೇಗೆ ಅಂತ ಎರಡೂ ಕೇಳಿದಾಗ ನಾನು ನಲವತ್ತೇ ಇರುತ್ತೆ ಅಂದ್ಕೊಂಡಿದ್ನಲ್ಲ ಸರ್!"

"ಹಳೆ ಎರಡು ಗುಂಪಿನವರ ಉತ್ತರ ಅವು ತಾನೆ? ಅದಕ್ಕೇ ಕೇಳ್ದೆ," ಎಂದರು ಗಡ್ಡದವರು. ಅವರ ಕಣ್ಣು ಮಾತ್ರ ಆಕೆಯ ಮೂವತ್ತೆಂಟರ ಮೇಲೆಯೇ ಇತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು.

ದೊಡ್ಡವರು ನಿಟ್ಟುಸಿರು ಬಿಟ್ಟರು. "ಸರಿ. ಕೂಡಲಿಲ್ಲ. ಇಬ್ರೂ ಮತ್ತೆ ಮೊದಲಿಂದ. ನಿಯಮ ಹಾಗೇ ಇರ್ಲಿ."

ಚಿಮಟದಕ್ಕ ಆಗಷ್ಟೇ ಕೇಳಿದ್ದನ್ನು ಮನಸ್ಸಿನಲ್ಲೇ ಜೋಡಿಸಿ ನೋಡಿದಳು. ಗಡ್ಡದವರು ಎರಡು ಸಂಖ್ಯೆಗಳ ಬಗ್ಗೆಯೂ ಕೇಳಿದ್ದರಂತೆ. ಆ ಬಾಯಿಬಡುಕ ತನ್ನ ಮಾಡೆಲಿಗೆ ಸಿಹಿಯಾದ ಅರ್ಧವನ್ನಷ್ಟೇ ತಂದು ಕಿವಿಗೆ ಹಾಕಿದ್ದ, ತಾನು ಅದನ್ನೇ ನುಂಗಿದ್ದಳು. ತನ್ನ ಪಾಡಿಗೆ ತಾನು, ತನ್ನ ಇಪ್ಪತ್ತಾರನ್ನು ಹಿಡಿದುಕೊಂಡು ಒಬ್ಬಳೇ ನಿಂತಿದ್ದರೆ ಇವತ್ತು ಅವರ ಪಕ್ಕದಲ್ಲೇ ನಿಂತಿರುತ್ತಿದ್ದಳು. ಅವರ ಹತ್ತಿರ ಹೋಗಬೇಕೆಂದು ಹೊರಟೇ ದೂರ ಹೋಗಿದ್ದಳು.

ಇನ್ನೂ ಒಂದು ದಾರಿ ಇತ್ತು. ಬಾಯಿ ಮುಚ್ಚಿಕೊಂಡು ಕೋಣೆಗೆ ಹೋಗಿ, ಕೆಲವು ವಾರ ಲೆಕ್ಕ ಮಾಡಿದ ನಾಟಕವಾಡಿ, ಇಪ್ಪತ್ತಾರು ಎಂದು ತಂದರೆ ಯಾರಿಗೂ ಸಂಶಯ ಬರುವುದಿಲ್ಲ. ಸಂಖ್ಯೆ ನಿಜವಾದದ್ದೇ, ತನ್ನದೇ. ಆದರೆ ಈಗ ಬರೆದರೆ ಅವರದನ್ನು ನೋಡಿ ಬರೆದದ್ದು. ಅದು ತನ್ನದಾಗಿ ಉಳಿದಿರಲಿಲ್ಲ. ಯೋಚಿಸುತ್ತಿದ್ದಂತೆ ಆಕೆಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನನ್ನ ನಂಬರ್ ಇಪ್ಪತ್ತಾರು," ಎಂದಳು. ದನಿ ಆಕೆಗೇ ಅಪರಿಚಿತವಾಗಿ ಕೇಳಿಸಿತು. "ಮೊದಲು ಬಂದಿದ್ದು ಅದೇ. ಇವರಿಗೆ ನಲವತ್ತು ಬಂದಿದೆ ಅಂತ ಗಾಳಿಮಾತು ಕಿವಿಗೆ ಬಿತ್ತು. ಕೂಡಬೇಕು ಅಂತ ತಿದ್ದಿದೆ."

ಥಿಯರಿಯವನು ತನ್ನ ಶೂ ನೋಡಿಕೊಂಡ. ದೊಡ್ಡವರು ಕೂಗಾಡುವ ಜಾಯಮಾನದವರಲ್ಲ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, "ಹೇಳಿದ್ದು ಒಳ್ಳೇದಾಯ್ತು ಮೇಡಂ. ಆದ್ರೆ ಇನ್ನು ನಿಮ್ಮ ಲೆಕ್ಕ ಇದರಲ್ಲಿ ಸೇರಿಸೋಕಾಗಲ್ಲ. ಪಕ್ಕದ ಗುಂಪಿನವರಿಂದ ಮಾಡಿಸೋಣ. ಅದು ಮುಗಿಯೋ ತನಕ ಯಾರೂ ನಿಮ್ಮ ಹತ್ರಾನೂ ಇದರ ಬಗ್ಗೆ ಮಾತಾಡೋ ಹಾಗಿಲ್ಲ," ಎಂದರು. ಆಕೆ ತಲೆಯಾಡಿಸಿದಳು. ಡಸ್ಟರ್ ತೆಗೆದುಕೊಂಡು ತನ್ನ ಸಂಖ್ಯೆಯನ್ನು ತಾನೇ ಒರೆಸಿದಳು.

ಆ ದಿನ ಊಟಕ್ಕೆ ಹೋಗುವ ಮನಸ್ಸಿರಲಿಲ್ಲ. ಹೋಗದಿದ್ದರೆ ಮುಖ ಮರೆಸಿಕೊಂಡಳು ಎನ್ನುತ್ತಾರೆಂದು ಹೋದಳು. ಗಡ್ಡದವರು ಆಗಲೇ ಕಿಟಕಿಯ ಮೇಜಿನಲ್ಲಿ ತಟ್ಟೆ ಮುಟ್ಟದೆ ಕೂತಿದ್ದರು. ಆಕೆ ಎದುರಿಗೆ ಕೂತಳು.

"ಯಾಕ್ರೀ?" ಎಂದರು. ಅಷ್ಟೇ.

ಹೇಳಲು ನಾಚಿಕೆಯಾಯಿತು. ಆದರೂ ಹೇಳಿದಳು, ಇನ್ನು ಕಳೆದುಕೊಳ್ಳುವುದು ಏನಿತ್ತು? "ನಂಬರ್ ಕೂಡಿದ್ರೆ ಮೊದಲಿನ ಹಾಗೆ ಮಾತಾಡಬಹುದು ಅಂತ. ಇಷ್ಟು ದಿನ ನಿಮ್ಮೆದುರು ಕೂತು ಗೋಡೆ ಜೊತೆ ಊಟ ಮಾಡಿದ ಹಾಗಿತ್ತು. ನೀವು ಕಿಟಕಿ ನೋಡ್ತಿದ್ರಿ. ನನ್ನ ಜೊತೆ ಕೂರೋದೇ ನಿಮಗೆ ಸಾಕಾಗಿದೆ ಅನ್ಕೊಂಡೆ. ನನಗೆ ತಡಕೊಳ್ಳೋಕೆ ಆಗ್ಲಿಲ್ಲ."

ಗಡ್ಡದವರು ಚಮಚ ಎತ್ತಿದರು, ಮತ್ತೆ ಕೆಳಗಿಟ್ಟರು. ಅವರ ಮುಖದಲ್ಲಿ ಆಕೆ ಹಿಂದೆಂದೂ ಕಾಣದ ಏನೋ ಕುಸಿದಂತೆ ಕಂಡಿತು.

"ನನಗೆ ಹಾಗನ್ನಿಸಲಿಲ್ಲ," ಎಂದರು ತಡೆತಡೆದು. "ನಾನು... ಚೆನ್ನಾಗಿದ್ದೀವಿ ಅಂದ್ಕೊಂಡಿದ್ದೆ. ಇಷ್ಟು ವರ್ಷ ಮಾತಾಡಿ ಮಾತಾಡಿ, ಈಗ ಮಾತಿಲ್ದೇನೂ ಒಟ್ಟಿಗೆ ಕೂರೋ ಹಾಗಾದ್ವಲ್ಲ ಅಂತ. ಚಿಕ್ಕಂದಿನಲ್ಲಿ ನಮ್ಮನೇಲಿ ಸುಮ್ನಿದ್ರೆ ಸಿಟ್ಟು ಅಂತ ಲೆಕ್ಕ, ಹೊರಗೆ ಸುಮ್ನಿದ್ರೆ ಜಂಬ ಅಂತ ಲೆಕ್ಕ. ಏನೂ ಹೇಳ್ದೇ ಒಬ್ಬರೆದುರು ನೆಮ್ಮದಿಯಾಗಿ ಕೂತಿದ್ದು ನನ್ನ ಜೀವನದಲ್ಲಿ ಇದೇ ಮೊದಲು ಕಣ್ರೀ. ಬೆಳಿಗ್ಗೆ ಎದ್ರೆ ಊಟದ ಹೊತ್ತು ಯಾವಾಗ ಬರುತ್ತೋ ಅಂತಿರ್ತಿದ್ದೆ." ಸ್ವಲ್ಪ ತಡೆದು, "ನಿಮಗೆ ಅಷ್ಟು ಕಷ್ಟ ಆಗ್ತಿತ್ತು ಅಂತ ಗೊತ್ತಾಗ್ಲೇ ಇಲ್ಲ. ಕ್ಷಮಿಸಿ," ಎಂದರು.

ಅತ್ತುಬಿಟ್ಟಿದ್ದರೆ ಹಗುರವಾಗುತ್ತಿತ್ತೇನೋ, ಅಳುವೂ ಬರಲಿಲ್ಲ. ಊಟ ಆರಿಹೋಯಿತು.

ಮರುದಿನದಿಂದ ಗಡ್ಡದವರು ಮಾತಾಡತೊಡಗಿದರು. ತರಗತಿಗೆ ಪಾಠ ಸಿದ್ಧಪಡಿಸಿಕೊಂಡು ಬರುವ ಮೇಷ್ಟರ ಹಾಗೆ ದಿನಕ್ಕೊಂದು ವಿಷಯ ತರುತ್ತಿದ್ದರು. ಒಂದು ದಿನ ರಸ್ತೆ ಅಗೆದದ್ದು, ಒಂದು ದಿನ ಅಣ್ಣನ ಊರಿನ ಗಾಳಿ, ಒಂದು ದಿನ ಪಕ್ಕದ ಮನೆಯವರ ಹೊಸ ಗೇಟು. ಅವರಿಗೆ ಅದು ಒಗ್ಗುವ ಕೆಲಸವೇ ಅಲ್ಲ. ನಡುವೆ ಮಾತು ತಪ್ಪಿದರೆ ಕಂಗಾಲಾಗಿ ಚಾವಣಿ ನೋಡುತ್ತಿದ್ದರು, ಮತ್ತೆ ಸಿಕ್ಕಿದ ಕೂಡಲೇ ಗೆದ್ದವರಂತೆ ಮುಂದುವರಿಸುತ್ತಿದ್ದರು. ಕಿಟಕಿಯ ಕಡೆ ತಪ್ಪಿಯೂ ತಿರುಗುತ್ತಿರಲಿಲ್ಲ. ಒಮ್ಮೆ ಕಾರಿಡಾರಿನ ತಿರುವಿನಲ್ಲಿ ಅವರು ಒಬ್ಬರೇ ತುಟಿ ಅಲುಗಿಸುತ್ತ, ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಳ್ಳುತ್ತ ಬರುತ್ತಿದ್ದುದನ್ನು ಆಕೆ ಕಂಡಳು. ಕಾಣದವಳಂತೆ ಹಿಂದಕ್ಕೆ ಸರಿದು ನಿಂತಳು.

ಆಕೆ ಎಲ್ಲಿ ನಗಬೇಕೋ ಅಲ್ಲಿ ನಕ್ಕಳು, ಎಲ್ಲಿ ಹೌದಾ ಎನ್ನಬೇಕೋ ಅಲ್ಲಿ ಹೌದಾ ಎಂದಳು. ಅವರೆದುರು ಅಷ್ಟು ಒಂಟಿಯಾಗಿ ಆಕೆ ಹಿಂದೆ ಯಾವತ್ತೂ ಕೂತಿರಲಿಲ್ಲ. ಕೊನೆಗೊಂದು ದಿನ ತಡೆಯಲಾಗದೆ, ಅವರು ನೀರು ಕುಡಿಯಲು ನಿಲ್ಲಿಸಿದಾಗ, "ಇವತ್ತು ಸುಮ್ನೆ ಕೂತ್ಕೊಳ್ಳೋಣ್ವಾ?" ಎಂದಳು.

"ಬೇಡ ಬೇಡ," ಎಂದರು ಗಡ್ಡದವರು ಗಾಬರಿಯಿಂದ, ಲೋಟ ಕೆಳಗಿಡುತ್ತ. "ನಿಮಗೆ ಬೇಜಾರಾಗುತ್ತೆ." ಮತ್ತೆ ತಮ್ಮ ಮನೆಯ ನೀರಿನ ಪೈಪು ಸೋರುತ್ತಿರುವ ವಿಷಯಕ್ಕೆ ಬಂದರು.